ಓವನ್ ಹಚ್ಚದೆ ಹ್ಯಾಲೋವೀನ್ ತಿಂಡಿ: ಅಮೆರಿಕಕ್ಕೆ ಹೊಸದಾಗಿ ಬಂದ ಒಬ್ಬ ಅಮ್ಮನಿಗೆ

‘ಅಕ್ಕಾ’ ಅಂತ ಕರೆದು ಬರೆದಿದ್ದೀರಿ, ಅದಕ್ಕೇ ಸ್ವಲ್ಪ ಸಲುಗೆಯಿಂದಲೇ ಹೇಳುತ್ತೇನೆ. ಬೇಸಿಗೆಯಲ್ಲಿ ಮೈಸೂರಿನಿಂದ ಚಿಕಾಗೋ ಪಕ್ಕದ ಅರೋರಾಕ್ಕೆ ಬಂದಿದ್ದೀರಿ. ಮಗಳು ಫಸ್ಟ್ ಗ್ರೇಡ್, ಮಗನಿಗೆ ಮೂರು ವರ್ಷ. ಅಕ್ಟೋಬರ್ 31ಕ್ಕೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವ ಹಬ್ಬ ಹ್ಯಾಲೋವೀನ್, ಅದರ ಪಾರ್ಟಿಯ ಚೀಟಿ ಶಾಲೆಯಿಂದ ಬಂದಿದೆ. ಮನೆಯಲ್ಲೇ ಏನಾದರೂ ಮಾಡಿ ಕಳಿಸಬೇಕಾ ಅಂತ ಕೇಳಿದ್ದೀರಿ. ಓವನ್ ಹಚ್ಚಿದರೆ ಸ್ಮೋಕ್ ಅಲಾರಂ ಕೂಗುತ್ತದೆ, ನಾವು ಮೊಟ್ಟೆಯನ್ನೂ ತಿನ್ನಲ್ಲ, ಊರಿಂದ ಬಂದಿರುವ ಅತ್ತೆ ‘ಈ ದೆವ್ವದ ಹಬ್ಬ ನಮಗ್ಯಾಕೆ’ ಅಂತಿದ್ದಾರೆ ಅಂದಿದ್ದೀರಿ. ಕೊನೆಗೆ, ಮಗಳಿಗೆ ಇನ್ನೂ ಒಬ್ಬ ಗೆಳತಿಯೂ ಸಿಕ್ಕಿಲ್ಲ ಅಂತ ಒಂದೇ ಸಾಲು ಸೇರಿಸಿದ್ದೀರಿ. ನನ್ನ ಮನಸ್ಸಿಗೆ ತಟ್ಟಿದ್ದು ಆ ಸಾಲು. ಉಳಿದ ಪ್ರಶ್ನೆಗಳಿಗೂ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರ ಹೇಳುತ್ತೇನೆ.

ಶಾಲೆಗೆ ಮನೆಯಲ್ಲಿ ಮಾಡಿದ್ದನ್ನು ಕಳಿಸಬೇಡಿ. ಬಹಳಷ್ಟು ಶಾಲೆಗಳು ಅಂಗಡಿಯ ಪ್ಯಾಕೆಟ್ ತಿಂಡಿಯನ್ನು ಮಾತ್ರ ಒಳಗೆ ಬಿಡುತ್ತವೆ. ಕೆಲವು ಶಾಲೆಗಳು ತಿಂಡಿಯೇ ಬೇಡ, ಪೆನ್ಸಿಲ್, ಸ್ಟಿಕ್ಕರ್ ಕಳಿಸಿ ಅನ್ನುತ್ತವೆ. ಚೀಟಿಯನ್ನು ಇನ್ನೊಂದು ಸಲ ಓದಿ, ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇದರಲ್ಲಿ ನಮ್ಮ ಅಡುಗೆಯನ್ನು ಕೀಳಾಗಿ ನೋಡುವುದೇನೂ ಇಲ್ಲ. ಕಾರಣ ಅಲರ್ಜಿ. ಒಂದು ಚೂರು ಕಡಲೆಕಾಯಿಯಿಂದ ಆಸ್ಪತ್ರೆ ಸೇರುವ ಮಕ್ಕಳು ನಿಜವಾಗಿಯೂ ಇದ್ದಾರೆ. ಇಲ್ಲಿನ ಕಾನೂನಿನಂತೆ ಈ 9 ಪದಾರ್ಥಗಳಲ್ಲಿ ಯಾವುದಿದ್ದರೂ ಅದರ ಹೆಸರನ್ನು ಪ್ಯಾಕೆಟ್ ಮೇಲೆ ಹಾಕಲೇಬೇಕು: ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಯಂಥವು, ಬಾದಾಮಿ ಗೋಡಂಬಿಯಂಥ ನಟ್ಸ್, ಕಡಲೆಕಾಯಿ, ಗೋಧಿ, ಸೋಯಾ, ಮತ್ತೆ 2023ರ ಜನವರಿಯಿಂದ ಎಳ್ಳು. ನಮ್ಮ ಕಡಲೆಕಾಯಿ ಚಿಕ್ಕಿ, ಎಳ್ಳುಂಡೆ ಎರಡೂ ಇದರಲ್ಲಿ ಬಂದುಬಿಡುತ್ತವೆ, ನೋಡಿ.

31ರ ಸಂಜೆ ಬಾಗಿಲಿಗೆ ಬರುವ ಮಕ್ಕಳಿಗೂ ಅಷ್ಟೇ, ಪ್ಯಾಕೆಟ್ ಬಿಚ್ಚದ ಕ್ಯಾಂಡಿ ಮಾತ್ರ. ಎಷ್ಟು ಚೆನ್ನಾಗಿ ಮಾಡಿದ ಮನೆ ತಿಂಡಿಯಾದರೂ ಅಪ್ಪ ಅಮ್ಮ ಅದನ್ನು ಮಕ್ಕಳಿಗೆ ತಿನ್ನಲು ಕೊಡುವುದಿಲ್ಲ. ಕೆಲವು ಮನೆಗಳ ಮುಂದೆ ಹಸಿರು ಬೆರೆತ ನೀಲಿ ಬಣ್ಣದ ಕುಂಬಳಕಾಯಿ ಕಾಣುತ್ತದೆ. ಇಲ್ಲಿ ತಿನ್ನುವುದಲ್ಲದ ಉಡುಗೊರೆಯೂ ಇದೆ ಅನ್ನುವ ಗುರುತು ಅದು. ಅಲರ್ಜಿ ಇರುವ ಮಕ್ಕಳಿಗಾಗಿ ಒಂದು ಸಂಸ್ಥೆ 2014ರಲ್ಲಿ ದೇಶದ ತುಂಬ ಹರಡಿದ ಪದ್ಧತಿ, ನನಗೆ ತುಂಬ ಇಷ್ಟವಾದದ್ದು.

ಹಾಗಾದರೆ ಮನೆಯಲ್ಲಿ ಮಾಡುವುದು ಯಾರಿಗೆ? ನಿಮ್ಮ ಮಕ್ಕಳಿಗೆ, ಜೊತೆಗೆ ಮಗಳ ಕ್ಲಾಸಿನ ಒಂದೆರಡು ಮಕ್ಕಳಿಗೆ. ಹಬ್ಬದ ಹಿಂದಿನ ಶನಿವಾರ ಅವರನ್ನು ಮನೆಗೆ ಕರೆಯಿರಿ, ಎಲ್ಲರೂ ಕೂತು ಮಾಡಲಿ. ಕ್ಲಾಸಿನಲ್ಲಿ ಅವಳು ಹೊಸಬಳು, ಎಲ್ಲವನ್ನೂ ಬೇರೆಯವರನ್ನು ನೋಡಿ ಕಲಿಯಬೇಕು. ನಿಮ್ಮ ಮನೆಯ ಮೇಜಿನ ಹತ್ತಿರ ಹಾಗಲ್ಲ. ಚಮಚ ಎಲ್ಲಿದೆ, ಮುಂದೇನು ಮಾಡಬೇಕು ಅನ್ನುವುದು ಅವಳಿಗೇ ಗೊತ್ತು. ಆರು ವರ್ಷದ ಮಗುವಿಗೆ ಅದು ದೊಡ್ಡ ಧೈರ್ಯ. ಭಾಷೆ ತಡವರಿಸಿದರೂ ಕೈಗೆ ಕೆಲಸ ಇರುತ್ತದೆ, ಸುಮ್ನೆ ಮುಖ ಮುಖ ನೋಡಿಕೊಂಡು ಕೂರಬೇಕಾಗಿಲ್ಲ.

ಸಾಮಾನು ಕೊಳ್ಳುವಾಗ ಹುಷಾರು. ಊರಲ್ಲಿ ಪ್ಯಾಕೆಟ್ ಮೇಲೆ ಹಸಿರು ಚುಕ್ಕೆ ನೋಡಿಕೊಳ್ಳುತ್ತಿದ್ದೆವು. ಇಲ್ಲಿ ಆ ಚುಕ್ಕೆ ಇಲ್ಲ, ಹಿಂದುಗಡೆಯ ಪಟ್ಟಿಯನ್ನೇ ಓದಬೇಕು. ಮುಖ್ಯವಾಗಿ ಜೆಲಟಿನ್ ಅನ್ನುವ ಪದ ಹುಡುಕಿ. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು, ಇಲ್ಲಿ ಹೆಚ್ಚಾಗಿ ಹಂದಿಯದು. ಹತ್ತಿಯಂತೆ ಮೆತ್ತಗಿರುವ ಮಿಠಾಯಿ ಮಾರ್ಷ್‌ಮ್ಯಾಲೋ, ಮಾಮೂಲಿಯದರಲ್ಲಿ ಇದು ಇರುತ್ತದೆ. ಹುಳದ ಆಕಾರದ ಗಮ್ಮಿಗಳಲ್ಲೂ (ಅಗಿಯುವ ಜೆಲ್ಲಿ ಮಿಠಾಯಿ) ಸಾಮಾನ್ಯವಾಗಿ ಇರುತ್ತದೆ. ಕೇಸರಿ, ಹಳದಿ, ಬಿಳಿ ಬಣ್ಣದ ಕ್ಯಾಂಡಿ ಕಾರ್ನ್ ಈ ಹಬ್ಬದ ಗುರುತೇ ಆಗಿದೆ, ಅದರಲ್ಲೂ ಬಹುತೇಕ ಇರುತ್ತದೆ. ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಕೋಶರ್ ಗುರುತು ಇದ್ದ ಮಾತ್ರಕ್ಕೆ ಸಸ್ಯಾಹಾರ ಅಂದುಕೊಳ್ಳಬೇಡಿ, ಮೀನಿನ ಜೆಲಟಿನ್ ಹಾಕಿದ ಕೋಶರ್ ಮಾರ್ಷ್‌ಮ್ಯಾಲೋ ಇದೆ. ಡ್ಯಾಂಡೀಸ್ ಅನ್ನುವ ಮಾರ್ಷ್‌ಮ್ಯಾಲೋದಲ್ಲಿ ಜೆಲಟಿನ್ ಇಲ್ಲ. ಸೀಸೆಯಲ್ಲಿ ಸಿಗುವ ಮಾರ್ಷ್‌ಮ್ಯಾಲೋ ಫ್ಲಫ್‌ನಲ್ಲಿ ಜೆಲಟಿನ್ ಇರದಿದ್ದರೂ ಮೊಟ್ಟೆಯ ಬಿಳಿ ಇದೆ, ನಿಮಗೆ ಆಗುವುದಿಲ್ಲ. ಇನ್ನೂ ಕಟ್ಟುನಿಟ್ಟಾಗಿದ್ದರೆ ಕಾರ್ಮೈನ್ (ಹುಳದಿಂದ ತೆಗೆದ ಕೆಂಪು ಬಣ್ಣ) ಮತ್ತು ಕನ್‌ಫೆಕ್ಷನರ್ಸ್ ಗ್ಲೇಜ್ (ಅರಗು) ಇವೆರಡನ್ನೂ ನೋಡಿ.

ಈಗ ತಿಂಡಿ. ನಾನಾಗಿದ್ದರೆ ಮೊದಲು ಪುಡ್ಡಿಂಗ್ ಕಪ್ ಮಾಡುತ್ತೇನೆ. ಒಲೆಯೂ ಬೇಡ, ಮಾಡುವಾಗ ಹದ ತಪ್ಪುವ ಭಯವೂ ಇಲ್ಲ. ಜೆಲ್ಲೋ ಬ್ರ್ಯಾಂಡಿನ ಚಾಕೊಲೇಟ್ ಪುಡ್ಡಿಂಗ್ ಡಬ್ಬ ತನ್ನಿ, ಅದರ ಮೇಲೆ ‘ಇನ್‌ಸ್ಟಂಟ್’ ಅಂತ ಇರಬೇಕು. ‘ಕುಕ್ ಅಂಡ್ ಸರ್ವ್’ ಅಂತಿದ್ದರೆ ಅದು ಒಲೆಯ ಮೇಲೆ ಕುದಿಸುವಂಥದ್ದು. ಅದೇ ಬ್ರ್ಯಾಂಡಿನ ಜೆಲ್ಲಿ ಡಬ್ಬ ಪಕ್ಕದಲ್ಲೇ ಇರುತ್ತದೆ, ಅದರಲ್ಲಿ ಜೆಲಟಿನ್. ಪುಡ್ಡಿಂಗ್ ಗಟ್ಟಿಯಾಗುವುದು ಸ್ಟಾರ್ಚ್‌ನಿಂದ. 3.9 ಔನ್ಸ್ ಪುಡಿಗೆ 2 ಕಪ್ ತಣ್ಣನೆಯ ಹಾಲು, 2 ನಿಮಿಷ ಚೆನ್ನಾಗಿ ಕಲಕಬೇಕು. ಐದು ನಿಮಿಷದಲ್ಲಿ ಗಟ್ಟಿ. ಬಾದಾಮಿ ಹಾಲು, ಸೋಯಾ ಹಾಲು ಹಾಕಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಓರಿಯೋ ಬಿಸ್ಕತ್ತನ್ನು ಜಿಪ್ ಚೀಲಕ್ಕೆ ಹಾಕಿ ಮಕ್ಕಳ ಕೈಗೆ ಲಟ್ಟಣಿಗೆ ಕೊಡಿ. ಅದನ್ನು ಪುಡಿ ಮಾಡುವಾಗಲೇ ಮನೆ ತುಂಬ ನಗು ಶುರುವಾಗುತ್ತದೆ. ಕಪ್ಪಿನಲ್ಲಿ ಪುಡ್ಡಿಂಗ್, ಮೇಲೆ ಈ ಕಪ್ಪು ಮಣ್ಣು, ಅದರಲ್ಲಿ ನೆಟ್ಟಗೆ ಒಂದು ಬಿಸ್ಕತ್ತು, ಅದು ಸಮಾಧಿಯ ಕಲ್ಲು. ಇಲ್ಲಿನವರು ಮಿಲಾನೋ ಬಿಸ್ಕತ್ತು ನೆಡುತ್ತಾರೆ. ನೀವು ಪಾರ್ಲೆ-ಜಿ ನೆಡಿ, ಆಕಾರ ಚೆನ್ನಾಗಿ ಹೊಂದುತ್ತದೆ, ಪಟೇಲ್ ಬ್ರದರ್ಸ್ ಅನ್ನುವ ಇಂಡಿಯನ್ ದಿನಸಿ ಅಂಗಡಿಯಲ್ಲಿ ಸಿಗುತ್ತದೆ. ಸಮಾಧಿ ಬೇಡ ಅಂತ ಅತ್ತೆಗೆ ಅನಿಸಿದರೆ ಬಿಸ್ಕತ್ತಿನ ಮೇಲೆ ಕುಂಬಳಕಾಯಿಯನ್ನೋ ಬಾವಲಿಯನ್ನೋ ಬರೆಯಲಿ, ಮಕ್ಕಳಿಗೆ ಎಲ್ಲವೂ ಒಂದೇ.

ಎರಡನೆಯದು ಚಾಕೊಲೇಟಿನಲ್ಲಿ ಅದ್ದುವುದು. ಬಿಳಿ ಚಾಕೊಲೇಟ್ ಚಿಪ್ಸ್ ಗಾಜಿನ ಬಟ್ಟಲಿಗೆ ಹಾಕಿ ಮೈಕ್ರೋವೇವ್‌ನಲ್ಲಿ 30 ಸೆಕೆಂಡ್ ಇಡಿ, ತೆಗೆದು ಕಲಕಿ, ಮತ್ತೆ 30 ಸೆಕೆಂಡ್. ಪೂರ್ತಿ ಕರಗುವ ಮೊದಲೇ ನಿಲ್ಲಿಸಿ, ಉಳಿದದ್ದು ಕಲಕಿದರೆ ಆ ಬಿಸಿಗೇ ಕರಗುತ್ತದೆ. ಬಟ್ಟಲಲ್ಲಿ, ಚಮಚದಲ್ಲಿ ಒಂದು ಹನಿ ನೀರೂ ಇರಬಾರದು. ಇದ್ದರೆ ಚಾಕೊಲೇಟು ಗಂಟುಗಂಟಾಗಿ ಬಿಗಿದುಕೊಳ್ಳುತ್ತದೆ. ತೆಳ್ಳಗಾಗಬೇಕಿದ್ದರೆ ಒಂದು ಚಮಚ ಕೊಬ್ಬರಿ ಎಣ್ಣೆ ಸಾಕು. ಉದ್ದನೆಯ ಪ್ರೆಟ್ಜೆಲ್ ಕಡ್ಡಿಯನ್ನು (ಗರಿಗರಿಯಾದ ಉಪ್ಪು ಬಿಸ್ಕತ್ತು) ಅದರಲ್ಲಿ ಅದ್ದಿ ವ್ಯಾಕ್ಸ್ ಪೇಪರ್ ಮೇಲೆ ಮಲಗಿಸಿ, ಎರಡು ಪುಟಾಣಿ ಚಾಕೊಲೇಟ್ ಚಿಪ್ಸ್ ಅಂಟಿಸಿದರೆ ಕಣ್ಣು. ದೆವ್ವ ಸಿದ್ಧ. ಸ್ಟ್ರಾಬೆರಿಯನ್ನೂ ಹೀಗೇ ಅದ್ದಬಹುದು, ತೊಳೆದ ಮೇಲೆ ಬಟ್ಟೆಯಲ್ಲಿ ಪೂರ್ತಿ ಒರೆಸಿರಬೇಕು.

ಇನ್ನೊಂದನ್ನು ನಿಮ್ಮ ಅತ್ತೆ ಕೈಯಲ್ಲೇ ಮಾಡಿಸಿ. ಇಲ್ಲಿ ಎಲ್ಲ ಮಕ್ಕಳಿಗೂ ಗೊತ್ತಿರುವ ರೈಸ್ ಕ್ರಿಸ್ಪೀಸ್ ಟ್ರೀಟ್ ಇದೆಯಲ್ಲ, ಅದನ್ನು 1939ರಲ್ಲಿ ಕೆಲ್ಲಾಗ್ಸ್ ಕಂಪನಿಯ ಮಿಲ್ಡ್ರೆಡ್ ಡೇ, ಮಲಿಟಾ ಜೆನ್ಸನ್ ಅನ್ನುವ ಇಬ್ಬರು ಹೆಂಗಸರು ಮಾಡಿದ್ದು. ಕ್ಯಾಂಪ್ ಫೈರ್ ಗರ್ಲ್ಸ್ ಅನ್ನುವ ಹುಡುಗಿಯರ ಸಂಘ ಅದನ್ನು ಮಾರಿ ಹಣ ಕೂಡಿಸಿತು. 3 ದೊಡ್ಡ ಚಮಚ ಬೆಣ್ಣೆ, 10 ಔನ್ಸ್ ಮಾರ್ಷ್‌ಮ್ಯಾಲೋ ಸಣ್ಣ ಉರಿಯಲ್ಲಿ ಕರಗಿಸಿ 6 ಕಪ್ ಅಕ್ಕಿ ಸೀರಿಯಲ್ ಕಲಸುವುದು, ತಟ್ಟೆಗೆ ಹಾಕಿ ಒತ್ತಿ ಕತ್ತರಿಸುವುದು. ಡ್ಯಾಂಡೀಸ್‌ನಲ್ಲೂ ಆಗುತ್ತದೆ, ಕರಗಲು ಸ್ವಲ್ಪ ಜಾಸ್ತಿ ಹೊತ್ತು ಬೇಕು. ಮಾರ್ಷ್‌ಮ್ಯಾಲೋ ಬದಲು ಬೆಲ್ಲದ ಪಾಕ ಹಾಕಿ, ನಮ್ಮ ಪುರಿ ಉಂಡೆ ಆಯಿತಲ್ವಾ! ಒಂದು ಕಪ್ ಬೆಲ್ಲಕ್ಕೆ ನಾಲ್ಕೈದು ಕಪ್ ಪುರಿ. ಪಾಕದ ಹದ ಅತ್ತೆಗೆ ಬಿಡಿ. ಕುದಿಯುವ ಪಾಕದ ಹತ್ತಿರ ಮಕ್ಕಳು ಬರಲೇಬಾರದು. ಉಂಡೆ ದೊಡ್ಡವರೇ ಕಟ್ಟಿ, ಆರಿದ ಮೇಲೆ ಮಕ್ಕಳಿಗೆ ಕೊಡಿ. ಅವರು ಕರಗಿದ ಚಾಕೊಲೇಟಿನಿಂದ ಕಣ್ಣು, ಹಲ್ಲು ಬರೆಯಲಿ. ಬಂದ ಮಕ್ಕಳು ಅಜ್ಜಿಯ ಕೈಯನ್ನೇ ನೋಡುತ್ತಾ ನಿಲ್ಲುತ್ತಾರೆ.

ಹಣ್ಣಿನವು ಇನ್ನೂ ಸುಲಭ. ಸಣ್ಣ ಕಿತ್ತಳೆಯ ಸಿಪ್ಪೆ ಸುಲಿದು ನಡುವೆ ಸೆಲರಿ ತುಂಡು ಸಿಕ್ಕಿಸಿದರೆ ಕುಂಬಳಕಾಯಿ. ಬಾಳೆಹಣ್ಣನ್ನು ಅಡ್ಡ ಕತ್ತರಿಸಿ ನಿಲ್ಲಿಸಿ ಚಾಕೊಲೇಟ್ ಚಿಪ್ಸ್ ಕಣ್ಣಿಟ್ಟರೆ ದೆವ್ವ. ಬಾಳೆಹಣ್ಣು ಬೇಗ ಕಪ್ಪಾಗುತ್ತದೆ, ತಿನ್ನುವ ಹೊತ್ತಿಗೇ ಮಾಡಿ.

ಚಿಕ್ಕವನ ವಿಷಯ ಮರೆಯಬೇಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮಾರ್ಷ್‌ಮ್ಯಾಲೋ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ, ಗಟ್ಟಿ ಕ್ಯಾಂಡಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ ಇದೆ ಅಂತ ಇಲ್ಲಿನ ಮಕ್ಕಳ ಡಾಕ್ಟರುಗಳು ಹೇಳುತ್ತಲೇ ಇರುತ್ತಾರೆ. ಗಟ್ಟಿ ಪುರಿ ಉಂಡೆಯನ್ನೂ ಅವನಿಗೆ ಕೊಡಬೇಡಿ. ಪುಡ್ಡಿಂಗು, ಬಾಳೆಹಣ್ಣಿನ ಚೂರು ಸಾಕು. ಕೆಲಸ ಮಾತ್ರ ಅವನಿಗೂ ಇರಲಿ. ಬಿಸ್ಕತ್ತು ಕುಟ್ಟುವುದು ಅವನಿಗೇ ಮೀಸಲಿಡಿ. ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಚೆಲ್ಲಿದರೆ ಚೆಲ್ಲಲಿ. ಅವರು ಮಾಡಿದ ಸೊಟ್ಟ ಮೂತಿಯ ದೆವ್ವವನ್ನು ದಯವಿಟ್ಟು ನೀವು ತಿದ್ದಬೇಡಿ.

ಅತ್ತೆಯ ಮಾತು ತಪ್ಪು ಅಂತ ನಾನು ಹೇಳಲ್ಲ. ಅವರ ಕಣ್ಣಿಗೆ ಅಸ್ಥಿಪಂಜರ ಅಪಶಕುನವೇ. ಅವರಿಗೆ ಒಂದು ಮಾತು ಹೇಳಿ ನೋಡಿ. ಹೊಸ ಮನೆ ಕಟ್ಟಿಸಿದಾಗ ಕೆಂಪು ನಾಲಿಗೆ ಚಾಚಿದ ದೃಷ್ಟಿಬೊಂಬೆ ಕಟ್ಟುತ್ತೇವಲ್ಲ, ಇವರು ಬಾಗಿಲಲ್ಲಿ ಕುಂಬಳಕಾಯಿಗೆ ಮುಖ ಕೊರೆದಿಡುವುದೂ ಹಾಗೇ ಕೆಟ್ಟದ್ದನ್ನು ಹೆದರಿಸಿ ಓಡಿಸಲು ಶುರುವಾದದ್ದು ಅಂತ ಹೇಳುತ್ತಾರೆ. ಐರ್ಲೆಂಡಿನವರು ತಮ್ಮ ಊರಲ್ಲಿ ಟರ್ನಿಪ್ ಅನ್ನುವ ಗೆಡ್ಡೆ ಕೊರೆಯುತ್ತಿದ್ದರು, ಇಲ್ಲಿಗೆ ಬಂದ ಮೇಲೆ ಕುಂಬಳಕಾಯಿ ಸಿಕ್ಕಿತು. ನಮ್ಮ ಇಲಿನಾಯ್ ರಾಜ್ಯವಂತೂ ಕುಂಬಳಕಾಯಿ ಬೆಳೆಗೇ ಹೆಸರುವಾಸಿ. ಅಂಗಡಿಯಲ್ಲಿ ‘ಪೈ ಪಂಪ್‌ಕಿನ್’ ಅಂತ ಸಣ್ಣದು ಸಿಗುತ್ತದೆ, ಸಿಹಿಯಾಗಿರುತ್ತದೆ, ಅತ್ತೆ ಅದರಲ್ಲಿ ಹುಳಿ ಮಾಡಲಿ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು. ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ವೇಷ. ಮಕ್ಕಳಿಗೆ ಎರಡೂ ಅವರದೇ ಹಬ್ಬ.

31ರ ಸಂಜೆ ಬಾಗಿಲ ದೀಪ ಹಚ್ಚಿದ್ದರೆ ಮಕ್ಕಳು ಬರಬಹುದು ಅಂತ ಅರ್ಥ, ಆರಿಸಿದ್ದರೆ ಬರುವುದಿಲ್ಲ. ನೀವು ಹೊರಡುವಾಗ ವೇಷದ ಒಳಗೆ ಥರ್ಮಲ್ (ಬೆಚ್ಚನೆಯ ಒಳಉಡುಪು) ಹಾಕಿಸಿ. ಚಿಕಾಗೋದಲ್ಲಿ 2019ರ ಹ್ಯಾಲೋವೀನ್ ದಿನವೇ ಹಿಮ ಬಿದ್ದಿತ್ತು.

ಇನ್ನು ಆ ಶನಿವಾರ. ಯಾರನ್ನು ಕರೆಯುವುದು ಅಂತ ಮಗಳನ್ನೇ ಕೇಳಿ. ಊಟದ ಹೊತ್ತಲ್ಲಿ ಪಕ್ಕ ಕೂರುವ ಮಗುವಿನ ಹೆಸರು ಅವಳಿಗೆ ಗೊತ್ತಿರುತ್ತದೆ. ಆ ಮಗುವಿನ ಅಮ್ಮನ ನಂಬರ್ ಟೀಚರ್ ನೇರವಾಗಿ ಕೊಡದಿರಬಹುದು. ನಿಮ್ಮ ನಂಬರ್ ಬರೆದ ಚೀಟಿಯನ್ನು ಅವರಿಗೆ ತಲುಪಿಸಿ ಅಂತ ಟೀಚರನ್ನು ಕೇಳಿ. ಕರೆಯುವಾಗ ಶುರುವಾಗುವ ಹೊತ್ತಿನ ಜೊತೆ ಮುಗಿಯುವ ಹೊತ್ತನ್ನೂ ಬರೆಯಿರಿ, ಎರಡರಿಂದ ನಾಲ್ಕು ಅಂತ. ಇಲ್ಲಿ ಹಾಗೆ ಹೇಳುವುದೇ ಮರ್ಯಾದೆ. ಏನೇನು ಮಾಡುತ್ತೀರಿ ಅಂತ ಆ ಅಮ್ಮನಿಗೆ ಹೇಳಿ. ಮಗುವಿಗೆ ಯಾವುದಾದರೂ ಅಲರ್ಜಿ ಇದೆಯಾ, ನೀವೂ ಇರುತ್ತೀರಾ ಅಥವಾ ಬಿಟ್ಟು ಹೋಗುತ್ತೀರಾ, ಈ ಎರಡನ್ನೂ ಕೇಳಿಬಿಡಿ. ಇರುತ್ತೇನೆ ಅಂದರೆ ಒಳ್ಳೆಯದೇ ಆಯಿತು. ಅವರಿಗೂ ಒಂದು ಲೋಟ ಕಾಫಿ ಮಾಡಿ, ಕೂತು ಮಾತಾಡಿ.