ಕೈತೋಟ ಪ್ರಶ್ನೋತ್ತರ: ಸ್ನೇಕ್ ಪ್ಲಾಂಟಿಗೆ ಎಂಥ ಕುಂಡ?

ಪ್ರಶ್ನೆ: ಗೃಹಪ್ರವೇಶಕ್ಕೆ ತಂಗಿ ಬಿಳಿ ಪಿಂಗಾಣಿ ಕುಂಡ ಕೊಟ್ಟಿದ್ದಾಳೆ. 12 ಇಂಚು ಅಗಲ, ಅಷ್ಟೇ ಆಳ, ತಳದಲ್ಲಿ ತೂತಿಲ್ಲ. ನರ್ಸರಿಯಿಂದ ತಂದ ಸ್ನೇಕ್ ಪ್ಲಾಂಟ್ 4 ಇಂಚಿನ ಪ್ಲಾಸ್ಟಿಕ್ ಕುಂಡದಲ್ಲಿದೆ. ತಳಕ್ಕೆ ಜಲ್ಲಿ ಹಾಕಿ ನೆಟ್ಟರೆ ಏನೂ ಆಗಲ್ಲ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹೌದಾ? – ಗೃಹಿಣಿ, ದಾವಣಗೆರೆ

ಉತ್ತರ: ಬೇಡ. ನಾನೇ ಮಾಡಿ ಕೆಟ್ಟವಳು, ಅದಕ್ಕೇ ಹೇಳ್ತಿದ್ದೀನಿ.

ಆಗ ನಾವು ಸಾಗರದಲ್ಲಿದ್ದೆವು. ನನ್ನದು ನೀಲಿ ಪಿಂಗಾಣಿ ಕುಂಡ. ತಳಕ್ಕೆ ಎರಡು ಹಿಡಿ ಜಲ್ಲಿ ಸುರಿದು, ಜೂನ್‌ನಲ್ಲಿ ಗಿಡ ನೆಟ್ಟು ಜಗಲಿ ಮೇಲಿಟ್ಟೆ. ಮಳೆಯ ಎರಚಲು ದಿನಾ ಬೀಳುತ್ತಿತ್ತು. ಆಗಸ್ಟ್ ಹೊತ್ತಿಗೆ ಒಂದು ಎಲೆ ವಾಲಿತು. ನೀರು ಸಾಲದೇನೋ ಅಂತ ಇನ್ನೊಂದು ಚೊಂಬು ಹಾಕಿದೆ! ವಾರ ಬಿಟ್ಟು ಎಲೆಯನ್ನು ನೆಟ್ಟಗೆ ಮಾಡಲು ಹಿಡಿದರೆ ಅದು ಕೈಗೇ ಬಂತು. ಬುಡ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗೆ, ಕೆಟ್ಟ ನಾತ ಬೇರೆ. ಕುಂಡ ಬಗ್ಗಿಸಿದರೆ ಕಪ್ಪು ನೀರು ಅರ್ಧ ಚೊಂಬಿನಷ್ಟು ಸುರಿಯಿತು. ಅಡಕತ್ತರಿ ಹಿಡಿದು ಕೂತಿದ್ದ ನಮ್ಮತ್ತೆ, "ತೂತಿಲ್ಲದ ಪಾತ್ರೆಲಿ ನೆಟ್ಟಿದ್ದೀಯಲ್ಲೇ, ಅದೇನು ತಾವರೆಯಾ?" ಅಂದರು. ಈ ಗಿಡಕ್ಕೆ 'ಅತ್ತೆ ನಾಲಿಗೆ' ಅಂತಲೂ ಹೆಸರಿದೆ, ಗೊತ್ತಲ್ಲ?

ಜಲ್ಲಿ ಯಾಕೆ ಉಪಯೋಗಕ್ಕೆ ಬರಲ್ಲ ಅಂತ ಅಡುಗೆಮನೆಯಲ್ಲೇ ನೋಡಬಹುದು. ಪಾತ್ರೆ ತೊಳೆಯುವ ಒದ್ದೆ ಸ್ಪಂಜನ್ನು ಕಲ್ಲಿನ ಮೇಲಿಡಿ. ಸ್ವಲ್ಪ ನೀರು ಇಳಿದು ನಿಲ್ಲುತ್ತದೆ. ಮಿಕ್ಕಿದ್ದನ್ನು ಸ್ಪಂಜ್ ಬಿಟ್ಟುಕೊಡುವುದಿಲ್ಲ. ಮಣ್ಣೂ ಹಾಗೆಯೇ. ಅದರ ತಳದ ಭಾಗ ನೀರು ಹಿಡಿದುಕೊಂಡೇ ಇರುತ್ತದೆ. ಕೆಳಗೆ ಜಲ್ಲಿ ತುಂಬಿದರೆ ಆ ಒದ್ದೆ ಭಾಗ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ ಅಷ್ಟೇ. ತೂತಿರುವ ಕುಂಡದಲ್ಲೂ ಒಂದೇ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಪರದೆಯ ತುಂಡು ಸಾಕು. ಅದೂ ಮಣ್ಣು ಜಾರಿ ಹೋಗದಿರಲಿ ಅಂತ.

ಹಾಗಂತ ತಂಗಿಯ ಉಡುಗೊರೆಯನ್ನು ಅಟ್ಟಕ್ಕೆ ಹಾಕಬೇಡಿ. ಅದರೊಳಗೆ ಒಂದು ಹಳೇ ಕುಂಡವನ್ನು ಕವುಚಿ ಹಾಕಿ. ಅದರ ಮೇಲೆ ತೂತಿರುವ ಕುಂಡದಲ್ಲಿ ಗಿಡವನ್ನು ಕೂರಿಸಿ. ನೀರು ಹಾಕಬೇಕಾದಾಗ ಒಳಗಿನದನ್ನು ಎತ್ತಿ ಬಚ್ಚಲಿಗೆ ಒಯ್ಯಿರಿ. ಧಾರಾಳವಾಗಿ ಹಾಕಿ, ಅರ್ಧ ಗಂಟೆ ಸೋರಲು ಬಿಟ್ಟು ವಾಪಸ್ ಇಡಿ. ತೂತೇ ಕೊರೆಸುತ್ತೀರಾದರೆ ಟೈಲ್ಸ್ ಕೆಲಸದವರ ಹತ್ತಿರ ಒಯ್ಯಿರಿ. ಟೈಲ್ಸ್ ಕೊರೆಯುವ ಡ್ರಿಲ್ ಬಿಟ್ (ಕೊರೆಯುವ ಮೊನೆ) ಆಗಬೇಕು, ನೀರು ಬಿಡುತ್ತಾ ನಿಧಾನಕ್ಕೆ ಕೊರೆಯಬೇಕು. ಡ್ರಿಲ್ಲನ್ನು ಬಡಿಯುವ ಹ್ಯಾಮರ್ ಮೋಡ್‌ಗೆ ಹಾಕಿದರೆ ಕುಂಡ ಎರಡು ಹೋಳು.

ಇನ್ನು ಅಳತೆ. 4 ಇಂಚಿನಿಂದ ನೇರ 12ಕ್ಕೆ ಹಾರುವುದು ಅಂದರೆ ಒಂದನೇ ಕ್ಲಾಸಿನ ಮಗುವಿಗೆ ಅಪ್ಪನ ಷರ್ಟ್ ಹಾಕಿದ ಹಾಗೆ. ಬೇರು ತಲುಪದ ಮಣ್ಣಿನಿಂದ ನೀರನ್ನು ಯಾರೂ ಕುಡಿಯುವುದಿಲ್ಲ, ಅದು ಹಾಗೇ ತಣ್ಣಗೆ ಕೂತಿರುತ್ತದೆ. ಪಶ್ಚಿಮ ಆಫ್ರಿಕಾ ಮೂಲದ ಈ ಗಿಡ ಎಲೆಯಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ. ಅದಕ್ಕೆ ಬಾಯಾರಿಕೆಗಿಂತ ಕೆಸರೇ ಶತ್ರು. ಈಗ 6 ಇಂಚಿನ ಮಣ್ಣಿನ ಕುಂಡ ತನ್ನಿ. ಆಳಕ್ಕಿಂತ ಅಗಲ ಇರಲಿ. ಬೆಂಗಳೂರಿಗೆ ಹೋದರೆ ಪಾಟರಿ ಟೌನ್‌ನಲ್ಲಿ ಒಂದು ಸುತ್ತು ಹಾಕಿ, ಬೆಳಗಾವಿ ಕಡೆ ಹೋದರೆ ಖಾನಾಪುರದಲ್ಲಿ ನೋಡಿ. ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ. ಚೆನ್ನಾಗಿ ಸುಟ್ಟಿದ್ದು ಟಣ್ ಅನ್ನುತ್ತದೆ, ಬಿರುಕಿದ್ದರೆ ಮಂದ ಸದ್ದು. ಮನೆಗೆ ತಂದ ಮೇಲೆ ಒಂದು ರಾತ್ರಿ ನೀರಲ್ಲಿ ಮುಳುಗಿಸಿಡಿ, ಇಲ್ಲದಿದ್ದರೆ ಮೊದಲು ಹಾಕಿದ ನೀರನ್ನೆಲ್ಲ ಕುಂಡವೇ ಹೀರುತ್ತದೆ.

ನರ್ಸರಿ ಗಿಡದ ಬೇರಿನ ಸುತ್ತ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇದ್ದರೆ ಮೆಲ್ಲಗೆ ಉದುರಿಸಿ. ಎರಡು ಪಾಲು ಕೆಂಪು ಮಣ್ಣು, ಒಂದೂವರೆ ಪಾಲು ದಪ್ಪ ಮರಳು, ಅರ್ಧ ಪಾಲು ಹಳೇ ಗೊಬ್ಬರ. ನಾನು ಹಾಕುವುದು ಇಷ್ಟೇ.

ಪ್ರಶ್ನೆ: ಮೂರು ವರ್ಷದಿಂದ ಗಿಡ ಒಂದೇ ಪ್ಲಾಸ್ಟಿಕ್ ಕುಂಡದಲ್ಲಿದೆ. ಈಗ ಕುಂಡ ಒಂದು ಕಡೆ ಉಬ್ಬಿ ಸೀಳಿದೆ. ಮಣ್ಣಿನ ಕುಂಡಕ್ಕೆ ಬದಲಾಯಿಸಿದರೆ ಇಲ್ಲಿನ ಬಿಸಿಲಿಗೆ ಒಣಗಲ್ವಾ? – ಶಿಕ್ಷಕರು, ಕಲಬುರಗಿ

ಉತ್ತರ: ಅಭಿನಂದನೆ! ಗಿಡ ಅಷ್ಟು ಗಟ್ಟಿಮುಟ್ಟಾಗಿದೆ ಅಂತಾಯಿತು. ಮಣ್ಣಿನೊಳಗೆ ಅರಿಶಿನದ ಕೊಂಬಿನಂಥ ಗೆಡ್ಡೆ ಅಡ್ಡಡ್ಡ ಹರಿಯುತ್ತದೆ. ಗೋಡೆ ಸಿಕ್ಕಿದಲ್ಲಿ ತಿರುಗುತ್ತದೆ, ತಿರುಗಲು ಜಾಗ ಇಲ್ಲದಿದ್ದರೆ ಗೋಡೆಯನ್ನೇ ತಳ್ಳುತ್ತದೆ. ಎಲೆ ಹಿಡಿದು ಎಳೆಯಬೇಡಿ. ಹೇಗೂ ಸೀಳಿರುವ ಕುಂಡ, ಕತ್ತರಿಯಿಂದ ಪೂರ್ತಿ ಕತ್ತರಿಸಿ ತೆಗೆಯಿರಿ.

ಮಣ್ಣಿನ ಕುಂಡ ಬೇಗ ಒಣಗುತ್ತದೆ, ನಿಜ. ಈ ಗಿಡಕ್ಕೆ ಅದೇ ಬೇಕು. ಬೇಸಿಗೆಯಲ್ಲೂ ಬೆರಳನ್ನು ಎರಡು ಇಂಚು ಒಳಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ನಿಮ್ಮೂರಿನ ಏಪ್ರಿಲ್‌ನಲ್ಲಿ ನನಗೆ ಹೆದರಿಕೆ ಇರುವುದು ತಾರಸಿಯ ಕಾವಿನದ್ದು. ಕಪ್ಪು ಪ್ಲಾಸ್ಟಿಕ್ ಕುಂಡ ಸುಡು ತಾರಸಿ ಮೇಲೆ ಕೂತರೆ ಒಳಗೆ ಬೇರು ಬೇಯುತ್ತದೆ. ಮಣ್ಣಿನದನ್ನೂ ಎರಡು ಇಟ್ಟಿಗೆ ಮೇಲೆ, ನೆರಳಲ್ಲಿ ಇಡಿ. ಎಲೆ ಮೂರಡಿ ಎತ್ತರ ಇದ್ದರೆ ಭಾರದ ಕುಂಡವೇ ಒಳ್ಳೆಯದು, ಗಾಳಿಗೆ ಉರುಳಲ್ಲ.

ಪ್ರಶ್ನೆ: ಹೊಸ ಮಣ್ಣಿನ ಕುಂಡದ ಹೊರಗೆ ಬಿಳಿ ಪುಡಿ ಬಂದಿದೆ. ಬೂಷ್ಟಾ? ಗಿಡಕ್ಕೆ ಹಬ್ಬುತ್ತಾ? – ಓದುಗರು, ಕೋಲಾರ

ಉತ್ತರ: ಬೋರ್‌ವೆಲ್ ನೀರು ತಾನೇ? ಹಾಗಿದ್ದರೆ ಅದು ಉಪ್ಪು. ಗೋಡೆಯಿಂದ ನೀರು ಆವಿಯಾಗುತ್ತದೆ, ಅದರಲ್ಲಿದ್ದ ಲವಣ ಹೊರಗೆ ಉಳಿಯುತ್ತದೆ. ತೆಂಗಿನ ನಾರಿನಿಂದ ತಿಕ್ಕಿ. ಹೋಗದಿದ್ದರೆ ನೀರು ಬೆರೆಸಿದ ವಿನೆಗರ್ ಹಚ್ಚಿ ಒರೆಸಿ, ಮಣ್ಣಿಗೆ ಬೀಳದ ಹಾಗೆ. ಸುಮ್ನೆ ಬಿಟ್ಟರೂ ನಷ್ಟವಿಲ್ಲ.

ಪ್ರಶ್ನೆ: ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆ ಕತ್ತರಿಸಿ ಚಿಕ್ಕ ಕುಂಡಗಳಲ್ಲಿ ನೆಟ್ಟೆ. ಚಿಗುರಿದ್ದೆಲ್ಲ ಬರೀ ಹಸಿರು. ಕುಂಡ ಚಿಕ್ಕದಾಯಿತಾ? – ವಿದ್ಯಾರ್ಥಿನಿ, ಹಾಸನ

ಉತ್ತರ: ಕುಂಡದ ತಪ್ಪಲ್ಲ. ಎಲೆ ತುಂಡಿನಿಂದ ಹುಟ್ಟಿದ ಮರಿಗೆ ಆ ಹಳದಿ ಅಂಚು ಬರುವುದಿಲ್ಲ. ಹಳದಿಯೇ ಬೇಕಿದ್ದರೆ ತಾಯಿ ಗಿಡವನ್ನು ಕಿತ್ತು, ಗೆಡ್ಡೆಯನ್ನು ಮರಿಯ ಸಮೇತ ಚಾಕುವಿನಿಂದ ಕತ್ತರಿಸಿ. ಗಾಯ ಎರಡು ದಿನ ನೆರಳಲ್ಲಿ ಒಣಗಲಿ, ಆಮೇಲೆ ನೆಡಿ. ಹಸಿರು ಮರಿಗಳನ್ನು ಎಸೆಯಬೇಡಿ, ನಿಮ್ಮ ಹಾಸ್ಟೆಲ್ ಕಾರಿಡಾರ್‌ನಲ್ಲಿ ಅವೇ ಚೆನ್ನಾಗಿ ಬದುಕುತ್ತವೆ.