3 ಅಡಿ ಟ್ಯಾಂಕ್‌ನಾಗ ರೆಡ್ ಡೆವಿಲ್ ಜೋಡಿ ಇಟ್ಟು ಮರಿ ಮಾಡಿಸ್ಬೋದಾ?

ನಿಮ್ಮ ಹತ್ರ 3 ಅಡಿ ಟ್ಯಾಂಕ್ ಅದ, ರೆಡ್ ಡೆವಿಲ್ ಅನ್ನೋ ಜಗಳಗಂಟ ಮೀನಿನ ಜೋಡಿ ತಂದು ಮರಿ ಮಾಡಿಸ್ಬೇಕು, ಒಳಗ ಏನೇನು ಹಾಕ್ಲಿ ಅಂತ ಕೇಳೀರಿ. ನಾನು ರಾಯಚೂರಿನಾಗ ಮನ್ಯಾಗೇ ಸಾಕ್ತೀನಿ, ಸೀದಾ ಹೇಳ್ತೀನಿ, 3 ಅಡ್ಯಾಗ ಬ್ಯಾಡ್ರಿ, ಹೆಣ್ಣು ಸಾಯ್ತದ.

ನಂದು ಮೊದಲ್ನೇದು 4 ಅಡಿ ಟ್ಯಾಂಕ್ ಇತ್ತು. ನಡುವ ಜಾಲಿ ಹಾಕಿ ಎರಡನ್ನೂ ಒಂದು ವಾರ ಇಟ್ಟಿದ್ದೆ, ಗಂಡು ಆ ಕಡಿಂದ ಮೈ ನಡುಗಿಸ್ತಿತ್ತು, ಹೆಣ್ಣು ಕಲ್ಲು ಉಜ್ಜಿ ಸ್ವಚ್ಛ ಮಾಡ್ತಿತ್ತು, ಜೋಡಿ ಕೂಡ್ತು ಅಂತ ರಾತ್ರಿ ಜಾಲಿ ತೆಗೆದು ಮಲ್ಕೊಂಡೆ. ಮುಂಜಾನೆ ನೋಡಿದ್ರ ಗಂಡು ಕಚ್ಚಿ ಹೆಣ್ಣಿನ ರೆಕ್ಕಿ ಹರ್ದು, ಹುರುಪಿ ಕಿತ್ತು, ಅದು ಮೂಲ್ಯಾಗ ತಲಿ ಕೆಳಗ ಮಾಡಿ ನಿಂತಿತ್ತು, ಮಧ್ಯಾಹ್ನಕ್ಕ ಹೋತು. ಎರಡು ವರ್ಷ ಕೈಯಾರೆ ತಿನ್ನಿಸಿ ಬೆಳಸಿದ್ದೆ. ಅದಕ್ಕ ಈ ಮೀನಿಗೆ ಟ್ಯಾಂಕ್ ಕಟ್ಟೋದಂದ್ರ ಹೆಣ್ಣು ಓಡಿಹೋಗಿ ಎಲ್ಲಿ ನಿಲ್ಲಬೇಕು ಅನ್ನೋದನ್ನ ಮೊದ್ಲ ನೋಡ್ಬೇಕು, ಉಳಿದದ್ದೆಲ್ಲ ಆಮ್ಯಾಲೆ.

ಈಗ ನಂದು 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ತುಂಬಿದ್ರ ಸುಮಾರು 680 ಲೀಟರ್, ಅಂದ್ರ ನೀರೊಂದೇ 680 ಕೆಜಿ, ಹಂಗಾಗಿ ಕೆಳಗಿನ ಮನ್ಯಾಗ ಗಟ್ಟಿ ಸ್ಟ್ಯಾಂಡ್ ಮ್ಯಾಲೆ ಇಡ್ರಿ. ಜಾಲಿ ಪೂರ್ತಿ ತೆಗಿಯೋದೇ ಇಲ್ಲ, ಅದರ ಕೆಳಗಿನ ಮೂಲ್ಯಾಗ ಹೆಣ್ಣು ತೂರೋವಷ್ಟೇ ತೂತು ಕೊಯ್ದೀನಿ, ಗಂಡಿನ ತಲಿ ದೊಡ್ಡದು, ಹಿಡಿಯಂಗಿಲ್ಲ. ಗಂಡಿನ ಕಡೆ ಚಪ್ಪಟಿ ಕಲ್ಲು ಇಟ್ರ ಹೆಣ್ಣು ತಾನೇ ಮನಸ್ಸು ಬಂದಾಗ ಹೋಗಿ ತತ್ತಿ ಇಟ್ಟು ಬರ್ತದ. ಕಲ್ಲನ್ನ ಸೀದಾ ಗಾಜಿನ ಮ್ಯಾಲೆ ಕೂಡಿಸಿ ಆಮ್ಯಾಲೆ ಮರಳು ಹಾಕ್ರಿ, ಇವು ತೋಡ್ತಾವ, ಕಲ್ಲು ಉರುಳಿದ್ರ ಗಾಜು ಒಡಿತದ.

ಜೋಡಿ ಅಂತ ಅಂಗಡ್ಯಾಗ ಕೊಟ್ಟದ್ದನ್ನ ನಂಬಬ್ಯಾಡ್ರಿ. ಆರು ಸಣ್ಣ ಮರಿ ತಂದು ಒಟ್ಟಿಗೇ ಬೆಳಸ್ರಿ, ಅವೇ ಜೋಡಿ ಆರಿಸ್ಕೊಂತಾವ, ಉಳಿದವನ್ನ ಬ್ಯಾರೆ ಮಾಡ್ರಿ.

ನೀರಿನ ಬಗ್ಗೆ ನಮ್ಮ ಕಡೆಯವರು ಹೆದರೋದು ಬ್ಯಾಡ. ರೆಡ್ ಡೆವಿಲ್ ನಿಕರಾಗುವಾದ ಸರೋವರದ ಮೀನು, ಗಡಸು ನೀರು ನಡಿತದ, ಬೋರ್ ನೀರಿನಾಗ ಆರಾಮ ಇರ್ತದ. ಅದಕ್ಕ ಶಹಾಬಾದ ಕಲ್ಲು ಹಾಕಿದ್ರೂ ತೊಂದ್ರಿ ಇಲ್ಲ, ಆಸ್ಕರ್‌ಗೆ ಮಾತ್ರ ಆ ಸುಣ್ಣದ ಕಲ್ಲು ಹಾಕಬ್ಯಾಡ್ರಿ, ಅದು ಅಮೆಜಾನ್ ಕಡೆ ಮೆತ್ತನ ನೀರಿನ ಮೀನು. ನಳದ ನೀರಾದ್ರ ಕ್ಲೋರಿನ್ ಹೋಗಿರ್ಬೇಕು. ಫಿಲ್ಟರ್ ಮೊದ್ಲ ನಾಲ್ಕರಿಂದ ಆರು ವಾರ ಓಡಿ ಹೊಲಸು ಕಳಿಯೋ ಬ್ಯಾಕ್ಟೀರಿಯಾ ಕೂತಿರ್ಬೇಕು, ಇಲ್ಲಾಂದ್ರ ಇಷ್ಟು ತಿನ್ನೋ ಮೀನಿನ ಹೊಲಸಿನಿಂದ ಬರೋ ಅಮೋನಿಯಾ ವಿಷಾನೇ ಕೊಲ್ತದ. ನಮ್ಮ ಬ್ಯಾಸಗಿ ನಿಮಗೆ ಗೊತ್ತೇ ಅದ, ಹೀಟರ್ ಬ್ಯಾಡ, ನೀರು ಕಾದಂಗ ಆಕ್ಸಿಜನ್ ಕಡಿಮಿ ಆಗ್ತದ, ಕರೆಂಟ್ ಹೋದ್ರ ಓಡೋ ಬ್ಯಾಟರಿ ಏರ್ ಪಂಪ್ ಒಂದು ಇರ್ಲೇಬೇಕು.

28 ಡಿಗ್ರಿ ಹತ್ರ ನೀರಿದ್ರ ಸುಮಾರು ಮೂರು ದಿನಕ್ಕ ತತ್ತಿ ಒಡಿತಾವ, ಇನ್ನೊಂದು ಐದು ದಿನ ಬಿಟ್ಟು ಮರಿ ಈಜ್ತಾವ, ಆಗ ಆಗಷ್ಟೇ ಹುಟ್ಟಿದ ಆರ್ಟೀಮಿಯಾ (ಉಪ್ಪುನೀರಿನ ಸಣ್ಣ ಸಿಗಡಿಯಂಥ ಹುಳ) ಕೊಡ್ರಿ. ದೊಡ್ಡ ಫಿಲ್ಟರ್ ಬಂದ್ ಮಾಡಿ ಸ್ಪಂಜ್ ಫಿಲ್ಟರ್ ಹಾಕ್ರಿ, ಇಲ್ಲಾಂದ್ರ ಮರಿ ಎಳ್ಕೊಂಡು ಹೋಗ್ತದ. ಗಂಡು ಈ ಹೊತ್ತಿನಾಗ ಹೆಣ್ಣಿನ ಮ್ಯಾಲೆ ತಿರುಗಿಬಿದ್ರ ತೂತು ಮುಚ್ಚಿಬಿಡ್ರಿ.

ಒಂದು ಸಲಕ್ಕ ನೂರಾರು ಮರಿ ಬರ್ತಾವ. ಯಾರು ತಗೊಂತಾರ ಅಂತ ಜೋಡಿ ಕೂಡಿಸೋಕೂ ಮೊದ್ಲ ಎರಡ್ಮೂರು ಅಂಗಡಿ ಕೇಳಿಡ್ರಿ, ಜಾಸ್ತಿ ಆದ್ವು ಅಂತ ಕೃಷ್ಣಾಕ್ಕ, ತುಂಗಭದ್ರಾ ಕಾಲುವಿಗೆ ಮಾತ್ರ ಬಿಡಬ್ಯಾಡ್ರಿ, ಅಲ್ಲಿರೋ ನಮ್ಮ ಸಣ್ಣ ಮೀನನ್ನೆಲ್ಲ ತಿಂತಾವ.