ವಿಪಿಎಫ್‌ಗೆ ಸಹಿ ಹಾಕುವ ಮುಂಚೆ ಪಾಸ್‌ಬುಕ್ ತೆಗೆದು ನೋಡಿ

ಏಪ್ರಿಲ್ ಬಂತು ಅಂದರೆ ನೀವು ನನಗೆ ಬರೆಯುವ ಪತ್ರಗಳೆಲ್ಲ ಒಂದೇ ಥರ. ಕಂಪನಿಯಲ್ಲಿ ವಿಪಿಎಫ್ (ಪಿಎಫ್‌ಗೆ ಕಟ್ ಆಗುವ 12% ಮೇಲೆ ನಾವಾಗಿಯೇ ಹಾಕುವ ಹಣ) ಫಾರಂ ಕೊಟ್ಟಿರುತ್ತಾರೆ. ಯಾರೋ ನೆಂಟರು 'ಎಂಟೂಕಾಲು ಬಡ್ಡಿ, ಕಣ್ಣುಮುಚ್ಚಿ ಹಾಕು' ಅಂದಿರುತ್ತಾರೆ. ಇನ್ಯಾರೋ 'ತೆರಿಗೆಯವರು ಹಿಡೀತಾರೆ' ಅಂತ ಹೆದರಿಸಿರುತ್ತಾರೆ. ಪಿಎಫ್ ಅಂದರೇನು, ಯುಎಎನ್ ಅಂದರೇನು ಅಂತ ನಾನು ಇಲ್ಲಿ ಪಾಠ ಮಾಡುವುದಿಲ್ಲ. ನೇರವಾಗಿ ಪ್ರಶ್ನೆಗೆ ಬರೋಣ.

ಪ್ರಶ್ನೆ: ಹರಿಹರದ ಹತ್ತಿರ ಕಾರ್ಖಾನೆಯಲ್ಲಿ 18 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ವಯಸ್ಸು 46. ಬೇಸಿಕ್, ಡಿಎ ಸೇರಿ 52,000 ರೂ. ವರ್ಷಕ್ಕೆ ಒಟ್ಟು ಸಂಬಳ 9 ಲಕ್ಷ. ದಾವಣಗೆರೆಯಲ್ಲಿ ಮನೆ ಕಟ್ಟಿಸಿದ್ದೇನೆ, ಸಾಲ 9% ಬಡ್ಡಿಯಲ್ಲಿ ನಡೆಯುತ್ತಿದೆ. ಮಗಳು ಪಿಯುಸಿ ಮೊದಲ ವರ್ಷ. ವಿಪಿಎಫ್‌ಗೆ ತಿಂಗಳಿಗೆ 25,000 ಹಾಕಬೇಕು ಅಂತಿದ್ದೇನೆ. ವರ್ಷಕ್ಕೆ ನಾವು ಹಾಕುವ ಪಿಎಫ್ ಎರಡೂವರೆ ಲಕ್ಷ ದಾಟಿದರೆ ತೆರಿಗೆ ಅಂತಾರೆ. ಹಾಕಲೋ ಬೇಡವೋ?

ಎಲ್ಲರೂ ಕೇಳುವುದು ಆ ಎರಡೂವರೆ ಲಕ್ಷದ ಬಗ್ಗೆಯೇ. ನಿಮ್ಮ ವಿಷಯದಲ್ಲಿ ಅದು ದೊಡ್ಡ ಸಮಸ್ಯೆಯೇ ಅಲ್ಲ. ಆದರೂ ಕೇಳಿದ್ದೀರಿ, ಲೆಕ್ಕ ಹಾಕೋಣ.

ಈಗ ನಿಮ್ಮ ಸಂಬಳದಲ್ಲಿ 12% ಅಂದರೆ 6,240 ರೂ. ಕಟ್ ಆಗುತ್ತಿದೆ. ವರ್ಷಕ್ಕೆ 74,880. ಎರಡೂವರೆ ಲಕ್ಷ ಮುಟ್ಟಲು ಇನ್ನು 1,75,120 ರೂ. ಜಾಗ ಇದೆ, ತಿಂಗಳಿಗೆ ಸುಮಾರು 14,590. ಕಂಪನಿ ಹಾಕುವ ಪಾಲು ಈ ಲೆಕ್ಕಕ್ಕೆ ಬರುವುದಿಲ್ಲ. ನೀವು 25,000 ಹಾಕಿದರೆ ವರ್ಷಕ್ಕೆ 1,24,880 ರೂ. ಹೆಚ್ಚಾಗುತ್ತೆ. 2021ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಆ ಹೆಚ್ಚಿನ ಹಣದ ಬಡ್ಡಿಗೆ ಮಾತ್ರ ತೆರಿಗೆ. ಅಸಲಿಗಲ್ಲ, ಮಿಕ್ಕ ಬಡ್ಡಿಗೂ ಅಲ್ಲ. ಈ ಹೆಚ್ಚಿನ ಹಣವನ್ನು ತೆರಿಗೆಯ ಖಾನೆ ಅಂತ ಬೇರೆ ಲೆಕ್ಕದಲ್ಲಿ ಇಡುತ್ತಾರೆ. ಆದರೆ ಒಂದು ಸಲ ಆ ಖಾನೆಗೆ ಬಿದ್ದ ಹಣ ಅಲ್ಲೇ ಇರುತ್ತೆ, ಅದರ ಬಡ್ಡಿ ಪ್ರತಿ ವರ್ಷವೂ ನಿಮ್ಮ ಆದಾಯಕ್ಕೆ ಸೇರುತ್ತೆ. ಮೊದಲ ವರ್ಷ ಅದು ಸಾವಿರ ಚಿಲ್ಲರೆ ಅಷ್ಟೇ, ಯಾಕೆಂದರೆ ಮಿತಿ ದಾಟುವುದು ವರ್ಷದ ಕೊನೇ ನಾಲ್ಕು ತಿಂಗಳಲ್ಲಿ. ಎರಡನೇ ವರ್ಷದಿಂದ ಹತ್ತು ಸಾವಿರ ದಾಟುತ್ತೆ.

ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ (ತೆರಿಗೆ ಮನ್ನಾ) ಇದೆ. ನಿಮ್ಮದು 9 ಲಕ್ಷ. ಈ ಬಡ್ಡಿ ಸೇರಿದರೂ ತೆರಿಗೆ ಸೊನ್ನೆ. ಬಡ್ಡಿ 5,000 ದಾಟಿದಾಗ 10% ಟಿಡಿಎಸ್ (ಮುಂಚೆಯೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ರಿಟರ್ನ್ ಹಾಕಿ ವಾಪಸ್ ತಗೊಳ್ಳಿ. ಪ್ಯಾನ್ ಜೋಡಿಸದಿದ್ದರೆ 20% ಹಿಡಿಯುತ್ತಾರೆ, ಅದು ನಿಮ್ಮ ತಪ್ಪು. ನಿಜವಾಗಿ ಯೋಚನೆ ಮಾಡಬೇಕಾದವರು 30% ತೆರಿಗೆ ಕಟ್ಟುವವರು. ಸೆಸ್ ಸೇರಿಸಿ ನೋಡಿದರೆ ಹೆಚ್ಚಿನ ಹಣಕ್ಕೆ ಅವರ ಕೈಗೆ ಸಿಗುವ 8.25% ಬಡ್ಡಿ 5.7ರ ಹತ್ತಿರ ಇಳಿಯುತ್ತೆ.

ಹಾಗೇ ಇನ್ನೊಂದು. 'ವಿಪಿಎಫ್ ಹಾಕಿ ತೆರಿಗೆ ಉಳಿಸಿ' ಅನ್ನುವವರಿಗೆ ಯಾವ ಪದ್ಧತಿಯಲ್ಲಿ ಅಂತ ಕೇಳಿ. ಉಳಿತಾಯಕ್ಕೆ ಸಿಗುವ 80ಸಿ ವಿನಾಯಿತಿ ಇರುವುದು ಹಳೇ ಪದ್ಧತಿಯಲ್ಲಿ ಮಾತ್ರ, ಅದೂ ಎಲ್ಲ ಸೇರಿ ಒಂದೂವರೆ ಲಕ್ಷ. ಹೊಸದರಲ್ಲಿ ಇದ್ದುಕೊಂಡು 80ಸಿ ಮಾತಾಡುವ ಸಲಹೆಗಾರರನ್ನು ದೂರ ಇಡಿ.

ಈಗ ನೀವು ಕೇಳದೇ ಬಿಟ್ಟ ಪ್ರಶ್ನೆ. ಮನೆ ಸಾಲ 9%. ವಿಪಿಎಫ್ 8.25%. ಹೊಸ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೂ ವಿನಾಯಿತಿ ಇಲ್ಲ. ಬರೀ ಲೆಕ್ಕ ನೋಡಿದರೆ ಸಾಲ ತೀರಿಸುವುದೇ ಲಾಭ. ಫ್ಲೋಟಿಂಗ್ (ಏರಿಳಿಯುವ) ಬಡ್ಡಿಯ ಮನೆ ಸಾಲವನ್ನು ಮುಂಚೆ ಕಟ್ಟಿದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಮನೆ ಕಟ್ಟಿಸುವಾಗ ಎರಡು ರೂಪಾಯಿ ಬಡ್ಡಿಗೆ ಕೈಸಾಲ ತಂದಿದ್ದರೆ ಅದು ವರ್ಷಕ್ಕೆ 24%. ಅದನ್ನು ತೀರಿಸದೆ ವಿಪಿಎಫ್ ಮಾತು ಎತ್ತಲೇಬೇಡಿ.

ಹಾಗಾದರೆ ವಿಪಿಎಫ್ ಬೇಡವೇ? ಬೇಕು, ಆದರೆ 25,000 ಬೇಡ. ಯಾಕೆ ಬೇಕು ಅಂದರೆ, 58ನೇ ವಯಸ್ಸಿಗೆ ನಿಮಗೆ ಬರುವ ಇಪಿಎಸ್ (ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆ) ಪಿಂಚಣಿ ತಿಂಗಳಿಗೆ 7,000 ದಾಟುವುದಿಲ್ಲ. ಸಂಬಳ ಎಷ್ಟೇ ಇರಲಿ, ಪಿಂಚಣಿ ಲೆಕ್ಕ ಹಾಕುವುದು 15,000 ರೂ. ಮಿತಿಯಲ್ಲಿ, 2014ಕ್ಕೆ ಮುಂಚಿನ ವರ್ಷಗಳಿಗೆ ಇನ್ನೂ ಕಡಿಮೆ ಮಿತಿಯಲ್ಲಿ. ಉಳಿದದ್ದನ್ನು ನೀವೇ ಕೂಡಿಡಬೇಕು. ತಿಂಗಳಿಗೆ 10,000 ಹಾಕಿದರೆ, ಬಡ್ಡಿ 8.25 ಹಾಗೇ ಉಳಿದರೆ, 12 ವರ್ಷಕ್ಕೆ ಸುಮಾರು 24 ಲಕ್ಷ ಆಗುತ್ತೆ. ಅದರಲ್ಲಿ ನೀವು ಹಾಕಿದ್ದು 14.4 ಲಕ್ಷ. 'ಉಳಿದರೆ' ಅಂದೆ, ಗಮನಿಸಿ. ಈ ದರವನ್ನು ವರ್ಷ ವರ್ಷ ನಿಗದಿ ಮಾಡುತ್ತಾರೆ. 1990ರ ದಶಕದಲ್ಲಿ 12% ಇತ್ತು. 2021–22ರಲ್ಲಿ 8.1ಕ್ಕೆ ಇಳಿದಿತ್ತು.

ಸಾಲ ತೀರಿದ ಮೇಲೆ ಉಳಿಯುವ ಕಂತಿನ ದುಡ್ಡನ್ನು ಕೂಡಿಡುತ್ತೇನೆ ಅಂತ ಎಲ್ಲರೂ ಹೇಳುತ್ತಾರೆ. ಮಾಡುವವರು ಕಡಿಮೆ. ಆ ದುಡ್ಡಲ್ಲಿ ಕಾರು ಬರುತ್ತೆ. ಸಂಬಳ ಕೈಗೆ ಬರುವ ಮುಂಚೆ ಕಟ್ ಆಗುವ ಹಣ ಮಾತ್ರ ಉಳಿಯುತ್ತೆ ಅನ್ನುವುದು ನನ್ನ ಅನುಭವ. ಜೊತೆಗೆ, ನಾಳೆ ಯಾರಿಗೋ ಜಾಮೀನು ಹಾಕಿ ಸಿಕ್ಕಿಹಾಕಿಕೊಂಡರೂ ಸಾಲ ಕೊಟ್ಟವರು ಪಿಎಫ್ ಹಣವನ್ನು ಜಪ್ತಿ ಮಾಡಿಸುವಂತಿಲ್ಲ. ನಮ್ಮ ಊರಲ್ಲಿ ಜಾಮೀನು ಹಾಕುವವರು ಜಾಸ್ತಿ, ಅದಕ್ಕೇ ಹೇಳಿದೆ.

ಮಿಕ್ಕ 15,000ದಲ್ಲಿ ಮೊದಲು ಮಗಳ ಓದು. ಇನ್ನೆರಡು ವರ್ಷಕ್ಕೆ ಕಾಲೇಜಿನ ಫೀಸು ಕಟ್ಟಬೇಕು, ಅಲ್ವಾ? ಅದಕ್ಕೆ ಬ್ಯಾಂಕಿನ ಆರ್‌ಡಿ ಸಾಕು. ಪಿಎಫ್‌ನಿಂದ ಓದಿಗೆ ಮುಂಗಡ ಸಿಗುತ್ತೆ, ನಿಜ. ಆದರೆ ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಇನಿಷಿಯಲ್ ಇದ್ದು ಕ್ಲೇಮ್ ವಾಪಸ್ ಬಂದರೆ ಕಾಲೇಜಿನವರು ಕಾಯುತ್ತಾರಾ? ಆರ್‌ಡಿಗೆ ಹಾಕಿ ಉಳಿದದ್ದು ಮನೆ ಸಾಲಕ್ಕೆ. ನಾನು ಸ್ವಲ್ಪ ಜಾಸ್ತಿಯೇ ಹೆದರುವವನು ಅಂದುಕೊಂಡರೂ ಪರವಾಗಿಲ್ಲ.

ಫಾರಂಗೆ ಸಹಿ ಹಾಕುವ ಮುಂಚೆ ಮಧ್ಯದಲ್ಲಿ ನಿಲ್ಲಿಸಬಹುದಾ ಅಂತ ಕಂಪನಿಯಲ್ಲಿ ಕೇಳಿ. ಬಹಳ ಕಡೆ ಮುಂದಿನ ಮಾರ್ಚ್‌ವರೆಗೆ ಬಿಡುವುದಿಲ್ಲ.

ಇನ್ನು ಬೇರೆ ಪತ್ರಗಳ ಪ್ರಶ್ನೆಗಳು. ವಿಪಿಎಫ್ ಶುರು ಮಾಡಿ ಐದು ವರ್ಷ ಆಗುವ ಮುಂಚೆ ತೆಗೆದರೆ ತೆರಿಗೆಯಂತೆ, ಹೌದಾ? ಅಲ್ಲ. ಐದು ವರ್ಷ ಲೆಕ್ಕ ಹಾಕುವುದು ನಿಮ್ಮ ಕೆಲಸದ ಅವಧಿಗೆ. ಹಳೇ ಕಂಪನಿಯ ಖಾತೆ ವರ್ಗಾಯಿಸಿದ್ದರೆ ಅದೂ ಸೇರುತ್ತೆ.

ನಾನು ಹಾಕಿದಷ್ಟೇ ಕಂಪನಿಯೂ ಹಾಕುತ್ತಾ? ಇಲ್ಲ. ಪ್ರತಿ ವರ್ಷ ಇದನ್ನೇ ಕೇಳುತ್ತೀರಿ.

ವಿಪಿಎಫ್ ಹಾಕಿದರೆ ಪಿಂಚಣಿ ಜಾಸ್ತಿ ಆಗುತ್ತಾ? ಒಂದು ರೂಪಾಯಿಯೂ ಆಗುವುದಿಲ್ಲ. 2022ರ ಸುಪ್ರೀಂ ಕೋರ್ಟ್ ತೀರ್ಪಿನ, ಪೂರ್ತಿ ಸಂಬಳದ ಮೇಲೆ ಲೆಕ್ಕ ಹಾಕುವ ಹೆಚ್ಚುವರಿ ಪಿಂಚಣಿಯೇ ಬೇರೆ.

ದಾವಣಗೆರೆಯಲ್ಲಿ ನನ್ನದೇ ಮಂಡಕ್ಕಿ ಭಟ್ಟಿ ಇದೆ. ನಾನೂ ಸೇರಬಹುದಾ? ಸಂಬಳ ಇಲ್ಲದವರಿಗೆ ವಿಪಿಎಫ್ ಇಲ್ಲ. ಪಿಪಿಎಫ್ (ಯಾರು ಬೇಕಾದರೂ ಅಂಚೆ ಕಚೇರಿ, ಬ್ಯಾಂಕಿನಲ್ಲಿ ತೆರೆಯಬಹುದಾದ ಉಳಿತಾಯ ಖಾತೆ) ನೋಡಿ: ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, 15 ವರ್ಷ. ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಆ ತಿಂಗಳ ಬಡ್ಡಿ ಸಿಗುತ್ತೆ.

ಚಳ್ಳಕೆರೆಯ ಎಣ್ಣೆ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳದಲ್ಲಿ ಪಿಎಫ್ ಕಟ್ ಆಗುತ್ತೆ, ಪಾಸ್‌ಬುಕ್‌ನಲ್ಲಿ ಏಳು ತಿಂಗಳಿಂದ ಏನೂ ಬಂದಿಲ್ಲ. ವಿಪಿಎಫ್ ಹಾಕಲಾ? ಕಟ್ ಮಾಡಿದ 12% ಅನ್ನೇ ಕಟ್ಟದ ಮಾಲೀಕರ ಕೈಗೆ ಇನ್ನೂ ದುಡ್ಡು ಕೊಡುತ್ತೀರಾ? ಒಂದು ತಿಂಗಳ ಪಿಎಫ್ ಅನ್ನು ಅದರ ಮುಂದಿನ ತಿಂಗಳ 15ರೊಳಗೆ ಅವರು ಕಟ್ಟಲೇಬೇಕು. ಸಂಬಳದ ಚೀಟಿಗಳನ್ನು ಜೋಡಿಸಿಕೊಂಡು ಪಿಎಫ್ ಕಚೇರಿಯ ದೂರುಗಳಿಗಾಗಿ ಇರುವ ಇಪಿಎಫ್‌ಐಜಿಎಂಎಸ್ ಪೋರ್ಟಲ್‌ನಲ್ಲಿ ಇವತ್ತೇ ದೂರು ಕೊಡಿ.

ಜೆರಾಕ್ಸ್ ಅಂಗಡಿಯವರು ಪಿಎಫ್ ಪೂರ್ತಿ ತೆಗೆಸಿಕೊಡುತ್ತೇವೆ, 10% ಕಮಿಷನ್ ಅಂತಾರೆ. ಪಾಸ್‌ವರ್ಡ್, ಒಟಿಪಿ ಕೇಳಿದ್ದಾರೆ. ಪಿಎಫ್ ಕಚೇರಿ ಕ್ಲೇಮ್‌ಗೆ ಒಂದು ಪೈಸೆಯೂ ತಗೊಳ್ಳುವುದಿಲ್ಲ. ಕೆಲಸ ಬಿಡದವರನ್ನು 'ಬಿಟ್ಟಿದ್ದಾರೆ' ಅಂತ ಸುಳ್ಳು ಬರೆದು ಹಣ ತೆಗೆಸುವ ಇಂಥವರ ಗಿರಾಕಿಗಳು ಆಮೇಲೆ ನನ್ನ ಹತ್ತಿರ ಅಳುತ್ತಾ ಬರುತ್ತಾರೆ. ಒಟಿಪಿ ಈಗಾಗಲೇ ಕೊಟ್ಟಿದ್ದರೆ ಮೊದಲು ಪಾಸ್‌ವರ್ಡ್ ಬದಲಿಸಿ. ಬ್ಯಾಂಕ್ ಖಾತೆ, ಮೊಬೈಲ್ ನಂಬರ್ ನಿಮ್ಮದೇ ಇದೆಯಾ ಅಂತ ನೋಡಿ, ಆಮೇಲೆ ನನಗೆ ಬರೆಯಿರಿ.